ಬಿಷಪ್ ಸಮುವೇಲ ಅಜಾಯಿ ಕ್ರೌಥರರ ಚರಿತ್ರೆಯೂ ಯೊರುಬಾ ಮಾತುಗಳ ಪ್ರಯಾಣವೂ



ನ್ಯಾಯಸ್ಥಾಪಕರ ಪುಸ್ತಕದ ಹನ್ನೆರಡನೆಯ ಅಧ್ಯಾಯದಲ್ಲಿ ಭಯಂಕರವಾದ ಒಂದು ಸಂಗತಿಯುಂಟು. ಗಿಲ್ಯಾದಿನವರು ಯೊರ್ದನ್ ಹೊಳೆಯ ಹಾಯಗಡಗಳನ್ನು ಹಿಡಿದು ನಿಂತು, ದಾಟಲು ಬಂದವರ ಬಾಯಿಂದ ಷಿಬ್ಬೋಲೆತ್ ಎಂಬ ಒಂದೇ ಮಾತನ್ನು ಹೇಳಿಸುತ್ತಿದ್ದರು. ಎಫ್ರಾಯೀಮ್ಯರ ನಾಲಿಗೆಗೆ ಷಕಾರವು ಬಾರದೆ ಸಕಾರವೇ ಬರುತ್ತಿತ್ತು. ಆ ಒಂದಕ್ಷರದಿಂದ ಅವರು ಗುರುತು ಹಿಡಿಯಲ್ಪಟ್ಟು ಕೊಲ್ಲಲ್ಪಟ್ಟರು.

ಇಂದು ಮಾತಿಗಾಗಿ ನಮ್ಮ ಹಳ್ಳಿಗಳಲ್ಲಿ ಯಾರೂ ಕತ್ತಿಯನ್ನು ಹಿರಿಯುವದಿಲ್ಲ, ಆದರೆ ನಗುವದುಂಟು. ನಮ್ಮ ಸಭೆಯ ಮುದುಕಿಯೊಬ್ಬಳು ಸ್ಕೂಲಿಗೆ ಇಸ್ಕೂಲು ಎಂದು ಹೇಳಿದಾಗ, ಪಟ್ಟಣದಲ್ಲಿ ಕಲಿತು ಬಂದ ಮೊಮ್ಮಕ್ಕಳು ನಕ್ಕರು. ಆ ಮುದುಕಿಯು ತಲೆ ತಗ್ಗಿಸಿ, ಆ ದಿವಸ ಪ್ರಾರ್ಥನೆ ಮಾಡಲಿಕ್ಕೂ ಬಾಯಿ ತೆರೆಯಲಿಲ್ಲ. ಇದನ್ನು ಕಂಡು ನಾವು ಬಹಳವಾಗಿ ವ್ಯಸನಪಟ್ಟೆವು. ಒಂದು ಜನದ ಮಾತು ಇನ್ನೊಂದು ಜನದ ನಾಲಿಗೆಗೆ ಬಂದಾಗ ರೂಪ ಬದಲಾಗುವದು ಅವಮಾನವೋ? ಈ ಪ್ರಶ್ನೆಗೆ ಉತ್ತರವಾಗಿ ಆಫ್ರಿಕ ಖಂಡದ ಒಬ್ಬ ದೇವಸೇವಕರ ಚರಿತ್ರೆಯನ್ನು ಈ ತಿಂಗಳಲ್ಲಿ ಬರೆಯುತ್ತೇವೆ.

ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ನೈಜೀರಿಯ ಎಂಬ ದೊಡ್ಡ ದೇಶವಿದೆ. ಅದರ ನೈಋತ್ಯ ಭಾಗದಲ್ಲಿ ಯೊರುಬಾ ಜನರು ವಾಸಿಸುತ್ತಾರೆ. ಅವರ ಭಾಷೆಯನ್ನು ಕೋಟಿಗಟ್ಟಲೆ ಜನರು ಆಡುತ್ತಾರೆ. ಆ ಸೀಮೆಯ ಒಸೊಗುನ್ ಎಂಬ ಊರಲ್ಲಿ ಸುಮಾರು 1809ರಲ್ಲಿ ಒಂದು ಗಂಡು ಮಗು ಹುಟ್ಟಿತು. ತಾಯಿಯ ಗರ್ಭದಿಂದ ಮುಖ ಕೆಳಗಾಗಿ ಬಂದ ಮಗುವಿಗೆ ಅಜಾಯಿ ಎಂದು ಹೆಸರಿಡುವದು ಯೊರುಬಾ ಜನರ ವಾಡಿಕೆ. ಇಂಥ ಹೆಸರನ್ನು ತಂದೆತಾಯಿಗಳು ಆರಿಸುವದಿಲ್ಲ. ಮಗುವೇ ಪರಲೋಕದಿಂದ ಹೊತ್ತು ತಂದ ಹೆಸರೆಂದು ಅವರು ಎಣಿಸುತ್ತಾರೆ. ಹೀಗೆ ಈ ಮಗುವೂ ಅಜಾಯಿ ಎನಿಸಿಕೊಂಡಿತು.

1821ರಲ್ಲಿ, ಹುಡುಗನು ಹನ್ನೆರಡು ಹದಿಮೂರು ವರುಷದವನಾಗಿದ್ದಾಗ, ಒಂದು ಬೆಳಿಗ್ಗೆ ತಾಯಿಯು ಊಟಕ್ಕೆ ಅಣಿಮಾಡುತ್ತಿರುವ ಹೊತ್ತಿನಲ್ಲಿ ದಾಸರನ್ನು ಹಿಡಿಯುವ ದಂಡು ಊರನ್ನು ಮುತ್ತಿತು. ಊರು ಸುಟ್ಟುಹೋಯಿತು. ಅಜಾಯಿಯೂ ಅವನ ತಾಯಿಯೂ ತಂಗಿಯರೂ ಕೊರಳಿಗೆ ಹಗ್ಗ ಬಿಗಿಯಲ್ಪಟ್ಟು ಎಳೆಯಲ್ಪಟ್ಟರು. ಬಳಿಕ ಅವರನ್ನು ಬೇರೆ ಬೇರೆ ಮಾಡಿದರು. ಹುಡುಗನನ್ನು ಒಮ್ಮೆ ಒಂದು ಕುದುರೆಗೆ ಬದಲಾಗಿ ಕೊಟ್ಟರು. ಮತ್ತೊಮ್ಮೆ ಹೊಗೆಸೊಪ್ಪು ಸಾರಾಯಿಗಳಿಗೆ ಮಾರಿದರು. ಹೀಗೆ ಕೈಯಿಂದ ಕೈಗೆ ದಾಟಿ ಅವನು ಲೇಗೋಸ್ ಎಂಬ ರೇವುಪಟ್ಟಣಕ್ಕೆ ಬಂದು ಮುಟ್ಟಿದನು. ಯೋಸೇಫನನ್ನು ಇಷ್ಮಾಯೇಲ್ಯರಿಗೆ ಮಾರಿದ ಕಥೆಯನ್ನು ಬಲ್ಲ ನಮಗೆ ಈ ದುಃಖವು ಹೊಸದಲ್ಲ.

1822ನೆಯ ಎಪ್ರಿಲ್ ತಿಂಗಳಲ್ಲಿ ಅವನನ್ನು ಪೋರ್ಚುಗೀಸರ ಒಂದು ದಾಸರ ಹಡಗಿಗೆ ಹತ್ತಿಸಿದರು. ಸಂತೋಷದ ನಿರೀಕ್ಷೆ ಎಂಬದೇ ಆ ಹಡಗಿನ ಹೆಸರಿನ ಅರ್ಥ. ಮನುಷ್ಯರನ್ನು ಸರಕಿನಂತೆ ತುಂಬಿದ ಹಡಗಿಗೆ ಇಂಥ ಹೆಸರಿಟ್ಟವರ ಮನಸ್ಸು ಎಷ್ಟು ಕಠಿಣವಾಗಿತ್ತೋ! ಇಂಗ್ಲೆಂಡಿನ ಪಾರ್ಲಿಮೆಂಟು 1807ರಲ್ಲಿಯೇ ದಾಸರ ವ್ಯಾಪಾರವನ್ನು ನಿಷೇಧಿಸಿದ್ದರಿಂದ ಅದರ ಯುದ್ಧದ ಹಡಗುಗಳು ಆ ಕರಾವಳಿಯಲ್ಲಿ ಕಾವಲಿದ್ದವು. ಅವುಗಳಲ್ಲಿ ಮಿರ್ಮಿಡನ್ ಎಂಬದು ಆ ಹಡಗನ್ನು ಹಿಡಿಯಿತು. ಬಿಡಿಸಲ್ಪಟ್ಟವರನ್ನು ಸಿಯೆರಾ ಲಿಯೋನ್ ಎಂಬ ಸೀಮೆಗೆ ಕರೆತಂದು ಬಿಟ್ಟರು.

ಹಡಗು ಹಿಡಿಯಲ್ಪಡದೆ ಹೋಗಿದ್ದರೆ ಅಜಾಯಿಯು ಅಟ್ಲಾಂಟಿಕ್ ಸಮುದ್ರದ ಆಚೆ ಕಬ್ಬಿನ ತೋಟದಲ್ಲಿಯೋ ಮತ್ತೆಲ್ಲಿಯೋ ದಾಸನಾಗಿ ಸತ್ತು ಹೋಗುತ್ತಿದ್ದನು. ಅವನ ಜನರಲ್ಲಿ ಅನೇಕರು ಹಾಗೆಯೇ ಹೋದರು. ಅವರಿಗೆ ಹೊತ್ತುಕೊಂಡು ಹೋಗಲು ಗಂಟುಮೂಟೆಯಿರಲಿಲ್ಲ. ನಾಲಿಗೆಯ ಮೇಲಿನ ಮಾತು ಮಾತ್ರವಿತ್ತು. ಯೊರುಬಾ ಜನರು ತಮ್ಮ ದೇವತೆಗಳಿಗೆ ಒರಿಷಾ ಎನ್ನುತ್ತಾರೆ. ಈ ಮಾತು ದಾಸರ ಸಂಗಡ ಬ್ರೆಜಿಲಿಗೂ ಕ್ಯೂಬಕ್ಕೂ ಹೋಗಿ ಒಂದು ಕಡೆ ಪೋರ್ಚುಗೀಸರ ಬರವಣಿಗೆಯನ್ನೂ ಇನ್ನೊಂದು ಕಡೆ ಸ್ಪೇನಿನವರ ಬರವಣಿಗೆಯನ್ನೂ ಉಟ್ಟುಕೊಂಡಿತು. ಬಳಿಕ ಇಂಗ್ಲಿಷಿಗೂ ಬಂತು.

ಸಿಯೆರಾ ಲಿಯೋನಿನಲ್ಲಿ ಅಜಾಯಿಯನ್ನು ಚರ್ಚ್ ಮಿಶನರಿ ಸೊಸೈಟಿಯ ಪಾಠಶಾಲೆಗೆ ಸೇರಿಸಿದರು. ಅವನು ಆರು ತಿಂಗಳೊಳಗೆ ಓದಲು ಕಲಿತನು. ಅಲ್ಲಿದ್ದ ಯೊರುಬಾ ಜನರಿಗೆ ಉಳಿದವರು ಅಕು ಎಂದು ಹೆಸರಿಟ್ಟಿದ್ದರು. ಯಾಕಂದರೆ ಯೊರುಬಾದವರು ಬೆಳಿಗ್ಗೆಯಾಗಲಿ ಸಂಜೆಯಾಗಲಿ, ಕೆಲಸದಲ್ಲಾಗಲಿ ದಾರಿಯಲ್ಲಾಗಲಿ, ಎದುರಾದವರನ್ನು ಎ ಕು ಎಂಬ ಶಬ್ದಗಳಿಂದ ಆರಂಭವಾಗುವ ವಂದನೆಗಳಿಂದ ಮಾತಾಡಿಸುತ್ತಿದ್ದರು. ಕೇಳಿದವರ ಕಿವಿಯಲ್ಲಿ ವಂದನೆಯೇ ಜನಾಂಗದ ಹೆಸರಾಗಿ ನಿಂತಿತು.

1825ನೆಯ ದಶಂಬರ 11ರಂದು ಅಜಾಯಿಯು ದೀಕ್ಷಾಸ್ನಾನವನ್ನು ಹೊಂದಿದನು. ಲಂಡನಿನಲ್ಲಿದ್ದ ಒಬ್ಬ ಬೋಧಕರ ಗೌರವಾರ್ಥವಾಗಿ ಅವನಿಗೆ ಸಮುವೇಲ ಕ್ರೌಥರ್ ಎಂಬ ಹೆಸರಾಯಿತು. ಹಳೆಯ ಹೆಸರನ್ನು ಅವನು ಬಿಡಲಿಲ್ಲ; ಎರಡನ್ನೂ ಕೂಡಿಸಿಕೊಂಡನು. ಆದರೆ ಇಂಗ್ಲಿಷರ ಕೈಯಲ್ಲಿ ಅಜಾಯಿ ಎಂಬದು ಬಹುಕಾಲದ ತನಕ ಅಡ್ಜಾಯ್ ಎಂಬಂತೆ ಬರೆಯಲ್ಪಟ್ಟಿತು. 1827ರಲ್ಲಿ ಫೌರಾ ಬೇ ಎಂಬಲ್ಲಿ ಮಿಶನಿನವರು ಕಾಲೇಜನ್ನು ತೆರೆದಾಗ ಅವನು ಅದರ ಮೊದಲನೆಯ ವಿದ್ಯಾರ್ಥಿಗಳಲ್ಲಿ ಒಬ್ಬನಾದನು. ದಾಸರ ಹಡಗಿನಿಂದ ಬಿಡಿಸಲ್ಪಟ್ಟಿದ್ದ ಸುಸಾನ ಎಂಬ ಯುವತಿಯನ್ನು ಮದುವೆಯಾಗಿ ಉಪಾಧ್ಯಾಯನ ಕೆಲಸವನ್ನು ನಡಿಸಿದನು.

1841ರಲ್ಲಿ ನೈಜರ್ ನದಿಯ ಮೇಲೆ ಹೋದ ಉಗಿಹಡಗುಗಳಲ್ಲಿ ಕ್ರೌಥರನೂ ಹೋದನು. ಅವನ ಜೊತೆಗಾರರಾದ ಶೋನ್ ಅಯ್ಯನವರು ಬಾಸೆಲ್ ಸೆಮಿನಾರಿಯಲ್ಲಿ ಕಲಿತವರು. ಮಂಗಳೂರು ಧಾರವಾಡ ಸೀಮೆಗಳಿಗೆ ಬಂದ ಮಿಶನರಿಗಳೂ ಅದೇ ಮನೆಯಿಂದ ಹೊರಟವರೆಂಬದು ನಮ್ಮ ಸಭೆಗಳಿಗೆ ಗೊತ್ತುಂಟು. ಆ ಪ್ರಯಾಣದಲ್ಲಿ ಬಿಳಿಯರನೇಕರು ಜ್ವರದಿಂದ ಸತ್ತರು. ಆ ಸೀಮೆಗೆ ಸುವಾರ್ತೆಯನ್ನು ಒಯ್ಯತಕ್ಕವರು ಆ ನೆಲದ ಮಕ್ಕಳೇ, ಒಯ್ಯತಕ್ಕ ನುಡಿಯು ಆ ನೆಲದ ನುಡಿಯೇ ಎಂಬದು ಆಗ ತೋರಿಬಂತು. 1843ರಲ್ಲಿ ಕ್ರೌಥರರು ಲಂಡನಿನಲ್ಲಿ ಬೋಧಕರಾಗಿ ಅಭಿಷೇಕಿಸಲ್ಪಟ್ಟರು. ಅದೇ ವರುಷದಲ್ಲಿ ಅವರು ಕೂಡಿಸಿದ ಯೊರುಬಾ ಶಬ್ದಕೋಶವು ಅಚ್ಚಾಯಿತು.

1844ನೆಯ ಜನವರಿ ತಿಂಗಳಲ್ಲಿ ಫ್ರೀಟೌನ್ ಪಟ್ಟಣದ ದೇವಾಲಯದಲ್ಲಿ ಅವರು ಮೊದಲ ಬಾರಿಗೆ ಯೊರುಬಾ ಭಾಷೆಯಲ್ಲಿ ಆರಾಧನೆ ನಡಿಸಿದರು. ಇಂಗ್ಲಿಷಿನಲ್ಲಿ ಎಷ್ಟೋ ಸಾರಿ ಮಾತಾಡಿದ್ದ ಅವರು ಆ ದಿವಸ ಅಂಜಿದರು. ತಾಯಿಯ ಮಾತೇ ಆಗಿದ್ದರೂ, ಈಗಲೇ ತೊದಲಲು ಕಲಿಯುವ ಕೂಸಿನಂತೆ ತಾವಿದ್ದೇವೆಂದು ಅವರಿಗೆ ತೋರಿತು. ದೇವರ ಆಲಯದಲ್ಲಿ ದೊಡ್ಡವರ ಭಾಷೆಯೇ ಸಲ್ಲತಕ್ಕದ್ದೆಂದು ರೂಢಿಯಾದ ಮೇಲೆ ತನ್ನ ಮನೆಮಾತು ತನಗೇ ಪರಕೀಯವಾಗುವದು. ನಮ್ಮ ಮುದುಕಿಯು ಬಾಯಿ ತೆರೆಯದೆ ಹೋದದ್ದೂ ಇದೇ ಅಂಜಿಕೆಯಿಂದಲೇ.

ಬಳಿಕ ಕ್ರೌಥರರು ಸ್ವಂತ ಸೀಮೆಗೆ ಹೋಗಿ 1846ರಲ್ಲಿ ಅಬೆಯೊಕುಟ ಎಂಬ ಪಟ್ಟಣದಲ್ಲಿ ಸೇವೆಯನ್ನು ಆರಂಭಿಸಿದರು. ಆ ವರುಷದ ಆಗಸ್ಟ್ ತಿಂಗಳಲ್ಲಿ, ಇಪ್ಪತ್ತೈದು ವರುಷಗಳ ಅಗಲಿಕೆಯ ತರುವಾಯ, ಅವರ ತಾಯಿಯು ಅವರನ್ನು ಹುಡುಕಿಕೊಂಡು ಬಂದಳು. ಸ್ವಲ್ಪ ಹೊತ್ತು ಇಬ್ಬರಿಗೂ ಮಾತು ಹೊರಡಲಿಲ್ಲ. ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಕಣ್ಣೀರು ಸುರಿಸಿದರು. ಆಮೇಲೆ ಆಕೆಯು ಮಗನನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರುಗಳಿಂದೆಲ್ಲಾ ಕರೆದಳು. ಕಾಗದದ ಮೇಲೆ ಕೆಟ್ಟುಹೋಗಿದ್ದ ಹೆಸರು ತಾಯಿಯ ಬಾಯಲ್ಲಿ ಕೆಡದೆ ಉಳಿದಿತ್ತು. ಆಕೆಯು ಸುವಾರ್ತೆಯನ್ನು ನಂಬಿ 1848ರಲ್ಲಿ ದೀಕ್ಷಾಸ್ನಾನವನ್ನು ಹೊಂದಿದಳು. ಆಗ ಅವಳಿಗಾದ ಹೆಸರು ಹನ್ನ. ಸಮುವೇಲನ ತಾಯಿಗೆ ಅದಕ್ಕಿಂತ ತಕ್ಕ ಹೆಸರುಂಟೇ!

ಈಗ ಯೊರುಬಾ ನುಡಿಯ ಗುಣವನ್ನು ಸ್ವಲ್ಪ ತಿಳಿಸಬೇಕು. ಆ ಭಾಷೆಯಲ್ಲಿ ದನಿಯ ಏರಿಳಿತವೇ ಅರ್ಥವನ್ನು ನಿರ್ಣಯಿಸುತ್ತದೆ. ಏರುದನಿ, ಸಮದನಿ, ಇಳಿದನಿ ಎಂದು ಮೂರುಂಟು. ಒಕೊ ಎಂಬ ಒಂದು ಮಾತನ್ನೇ ಒಂದು ರೀತಿಯಲ್ಲಿ ಅಂದರೆ ಗಂಡನು, ಇನ್ನೊಂದು ರೀತಿಯಲ್ಲಿ ಗುದ್ದಲಿ, ಮತ್ತೊಂದು ರೀತಿಯಲ್ಲಿ ಈಟಿ, ಮತ್ತೂ ಒಂದು ರೀತಿಯಲ್ಲಿ ದೋಣಿ ಎಂದಾಗುವದು. ದನಿ ತಪ್ಪಿದರೆ ಗಂಡನನ್ನು ಕರೆಯಹೋಗಿ ಗುದ್ದಲಿಯನ್ನು ಕರೆದಂತಾಗುವದು! ಇದಲ್ಲದೆ ಗಕಾರ ಬಕಾರಗಳನ್ನೂ ಕಕಾರ ಪಕಾರಗಳನ್ನೂ ಒಂದೇ ಪೆಟ್ಟಿಗೆ, ಗಂಟಲನ್ನೂ ತುಟಿಯನ್ನೂ ಕೂಡಿ ಮುಚ್ಚಿ, ನುಡಿಯುವ ಎರಡು ಅಕ್ಷರಗಳಿವೆ. ಎಕಾರ ಒಕಾರಗಳಲ್ಲಿ ಬಾಯಿಯನ್ನು ಹೆಚ್ಚು ತೆರೆದು ನುಡಿಯುವ ಭೇದವೂ ಉಂಟು.

ಇಷ್ಟೆಲ್ಲವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಡಿಯುವದು ಸುಲಭವಲ್ಲ. ಕ್ರೌಥರರೂ ಅವರ ಜೊತೆ ಕೆಲಸದವರೂ ಬಹಳ ವರುಷ ಪ್ರಯಾಸಪಟ್ಟರು. ಕೆಲವು ಅಕ್ಷರಗಳ ಕೆಳಗೆ ಚುಕ್ಕೆ, ದನಿಗಾಗಿ ಮೇಲೆ ಗೆರೆ, ಹೀಗೆ ಒಂದು ಬರವಣಿಗೆ ಹುಟ್ಟಿತು. 1875ರಲ್ಲಿ ಲೇಗೋಸಿನಲ್ಲಿ ಕೂಡಿದ ಸಭೆಯಲ್ಲಿ ಅದರ ಕ್ರಮವನ್ನು ನಿರ್ಣಯಿಸಿದರು. 1852ರಲ್ಲಿ ಅಚ್ಚಾದ ದೊಡ್ಡ ಶಬ್ದಕೋಶದಲ್ಲಿ ಕ್ರೌಥರರು ಹಿರಿಯರ ಗಾದೆಗಳನ್ನು ತಂದು ಒಂದೊಂದು ಮಾತಿನ ಬಳಿಕೆಯನ್ನು ತೋರಿಸಿದರು. 1862ರಲ್ಲಿ ಅವರ ಮನೆಗೆ ಬೆಂಕಿ ಹತ್ತಿ ಕೂಡಿಸಿಟ್ಟ ಬರಹಗಳು ಸುಟ್ಟುಹೋದವು; ಆದರೂ ಅವರು ಕೈಬಿಡಲಿಲ್ಲ. 1850ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಅಚ್ಚು ಆರಂಭವಾಗಿ 1884ರಲ್ಲಿ ಸತ್ಯವೇದವೆಲ್ಲವೂ ಯೊರುಬಾದಲ್ಲಿ ಮುಗಿಯಿತು.

ಭಾಷಾಂತರದಲ್ಲಿ ಅವರು ಹೊಸ ಮಾತುಗಳನ್ನು ಸುಮ್ಮನೆ ಕಟ್ಟಲಿಲ್ಲ. ದೇವರಿಗೆ ಒಲೊರುನ್, ಅಂದರೆ ಪರಲೋಕದ ಒಡೆಯನು ಎಂದು ಅವರ ಜನರು ಮೊದಲೇ ಅನ್ನುತ್ತಿದ್ದರು, ಅದನ್ನೇ ತೆಗೆದುಕೊಂಡರು. ಪ್ರಾರ್ಥನೆಗೆ ಅದುರಾ, ಬೋಧಕನಿಗೆ ಅಲುಫಾ ಎಂಬ ಮಾತುಗಳು ಮುಸಲ್ಮಾನರಿಂದ ಆ ನುಡಿಗೆ ಬಂದು ಬಹುಕಾಲದಿಂದ ಬೇರೂರಿದ್ದವು. ಅವು ಸಭೆಯ ಮಾತುಗಳೂ ಆದವು. ಯೊರುಬಾದಲ್ಲಿ ಒತ್ತಕ್ಷರವೂ ಕೊನೆಯಲ್ಲಿ ವ್ಯಂಜನವೂ ಸಲ್ಲುವದಿಲ್ಲವಾದ್ದರಿಂದ ಬೈಬಲ್ ಎಂಬದು ಬಿಬೆಲಿ ಎಂದಾಯಿತು, ಬ್ರೆಡ್ ಎಂಬದು ಬುರೆದಿ ಎಂದಾಯಿತು. ಒಂದು ವಿಷಯದಲ್ಲಿ ಮಾತ್ರ ಅವರ ಆಯ್ಕೆಯು ಇಂದಿಗೂ ವಿವಾದಕ್ಕೆ ಎಡೆಯಾಗಿದೆ. ಸೈತಾನನಿಗೆ ಅವರು ಎಶು ಎಂಬ ದೇವತೆಯ ಹೆಸರನ್ನು ಹಾಕಿದರು. ಎಶು ಎಂಬವನು ತಮ್ಮ ಹಿರಿಯರ ನಂಬಿಕೆಯಲ್ಲಿ ಸೈತಾನನಲ್ಲವೆಂದು ಅನೇಕ ಯೊರುಬಾ ಜನರು ಆಕ್ಷೇಪಿಸುತ್ತಾರೆ. ಒಬ್ಬರ ಮಾತನ್ನು ಕಡ ತರುವಾಗ ಅದರ ಅರ್ಥವನ್ನು ಕೆಡಿಸದಂತೆ ಎಷ್ಟು ಎಚ್ಚರವಾಗಿರಬೇಕೆಂಬದನ್ನು ಇದರಿಂದ ಕಲಿಯಬೇಕು.

ಈಗ ಹೊಳೆಯ ಆಚೆಯ ದಡವನ್ನು ನೋಡೋಣ. ಯೊರುಬಾ ಮಾತುಗಳು ಇಂಗ್ಲಿಷಿಗೆ ಹೋದಾಗ ಏನಾಯಿತು? ಅರಸನಿಗೆ ಯೊರುಬಾದಲ್ಲಿ ಒಬ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಒಕಾರದ ಕೆಳಗಿನ ಚುಕ್ಕೆಯು ಬಿದ್ದುಹೋಯಿತು. ದನಿಯ ಏರಿಳಿತವು ಅಳಿದು ಇಂಗ್ಲಿಷರ ಒತ್ತು ಬಂತು. ಅರಸರು ಹಲವರಾದರೆ ಯೊರುಬಾದಲ್ಲಿ ಮಾತಿನ ಕೊನೆಯು ಬದಲಾಗದೆ ಮುಂದೆ ಬೇರೊಂದು ಮಾತು ಸೇರುವದು. ಇಂಗ್ಲಿಷರು ತಮ್ಮ ರೂಢಿಯಂತೆ ಕೊನೆಗೆ ಸಕಾರವನ್ನು ಹಚ್ಚಿ ಒಬಾಸ್ ಎಂದರು. ಅಗ್ಬಾದಾ ಎಂಬ ಅಗಲವಾದ ನಿಲುವಂಗಿಯ ಹೆಸರಲ್ಲಿ ಕೂಡಿ ನುಡಿಯತಕ್ಕ ಗಕಾರ ಬಕಾರಗಳು ಬೇರೆ ಬೇರೆ ಒಡೆದುಹೋದವು. ಒರಿಷಾ ಎಂಬದರಲ್ಲಿ ಚುಕ್ಕೆಯ ಸಕಾರವು ಇಂಗ್ಲಿಷರ ಎರಡಕ್ಷರದ ಷಕಾರವಾಯಿತು. ಎಫ್ರಾಯೀಮ್ಯರ ಪ್ರಾಣ ತೆಗೆದ ಅದೇ ಅಕ್ಷರವು ಇಲ್ಲಿ ರಕ್ತ ಸುರಿಸದೆ ಹೊಳೆ ದಾಟಿತು!

ಆಕ್ಸ್‌ಫರ್ಡಿನ ಮಹಾ ನಿಘಂಟಿಗೆ ಸೇರಿದ ನೈಜೀರಿಯದ ಮಾತುಗಳಲ್ಲಿ ಸ್ತ್ರೀಯರು ತಲೆಗೆ ಸುತ್ತುವ ವಸ್ತ್ರವಾದ ಗೆಲೆಯೂ, ನೀಲಿಯಲ್ಲಿ ಅದ್ದಿ ಚಿತ್ತಾರ ತೆಗೆಯುವ ಬಟ್ಟೆಯಾದ ಅದಿರೆಯೂ, ಜಾಪಾ ಎಂಬದೂ ಇವೆ. ತಪ್ಪಿಸಿಕೊಂಡು ಓಡು ಎಂದು ಅರ್ಥವಿದ್ದ ಜಾಪಾ ಎಂಬದು, ಬದುಕನ್ನು ಹುಡುಕಿಕೊಂಡು ನೈಜೀರಿಯವನ್ನು ಬಿಟ್ಟು ಪರದೇಶಕ್ಕೆ ಹೋಗುವದಕ್ಕೆ ಹೆಸರಾಗಿದೆ. ಅದರ ಎರಡನೆಯ ಅಕ್ಷರವು ತವರಿನಲ್ಲಿ ಕಕಾರ ಪಕಾರಗಳು ಕೂಡಿದ್ದು. ಇಂಗ್ಲಿಷರ ಬಾಯಲ್ಲಿ ಬರಿಯ ಪಕಾರವಾಯಿತು. ಅಜಾಯಿಯನ್ನು ಹಗ್ಗದಿಂದ ಎಳೆದು ಹಡಗು ಹತ್ತಿಸಿದ ಅದೇ ಕರಾವಳಿಯಿಂದ ಇಂದು ಯೌವನಸ್ಥರು ತಾವಾಗಿ ಹೊರಡುತ್ತಾರೆಂಬದನ್ನು ಈ ಮಾತು ನೆನಪಿಗೆ ತರುತ್ತದೆ.

ವಾಚಕರೇ, ಆಕ್ಸ್‌ಫರ್ಡಿನ ಪಂಡಿತರು ಯೊರುಬಾ ಮಾತನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರೆ ಯಾರೂ ನಗುವದಿಲ್ಲ. ಅದನ್ನು ನಿಘಂಟಿನಲ್ಲಿ ಬರೆದಿಡುತ್ತಾರೆ. ನಮ್ಮ ಮುದುಕಿಯು ಇಂಗ್ಲಿಷ್ ಮಾತಿನ ಮುಂದೆ ಇಕಾರವನ್ನೂ ಹಿಂದೆ ಉಕಾರವನ್ನೂ ಇಟ್ಟು ತನ್ನ ನಾಲಿಗೆಗೆ ಒಗ್ಗಿಸಿಕೊಂಡರೆ ಯಾಕೆ ನಗಬೇಕು? ಎರಡೂ ಒಂದೇ ಕೆಲಸವಲ್ಲವೇ? ನಮ್ಮ ವ್ಯಾಕರಣದ ಹಿರಿಯರು ಇದಕ್ಕೆ ತದ್ಭವವೆಂದು ಹೆಸರಿಟ್ಟಿದ್ದಾರೆ. ಆಕಾಶವು ಆಗಸವಾಯಿತು, ಯಾತ್ರೆಯು ಜಾತ್ರೆಯಾಯಿತು, ಪುಸ್ತಕವು ಹೊತ್ತಗೆಯಾಯಿತು. ನಾವು ದಿನಾಲೂ ಅನ್ನುವ ಪಾದ್ರಿ ಎಂಬದೂ ಪೋರ್ಚುಗೀಸರ ಮಾತೇ. ತಪ್ಪು ಮಾತಿನಲ್ಲಿಲ್ಲ, ಒಬ್ಬರ ನಾಲಿಗೆಯನ್ನು ದೊಡ್ಡದೆಂದೂ ಇನ್ನೊಬ್ಬರದನ್ನು ಚಿಕ್ಕದೆಂದೂ ಎಣಿಸುವ ನಮ್ಮ ಹೃದಯದಲ್ಲಿದೆ.

ಈ ಎಣಿಕೆಯೇ ಕ್ರೌಥರರ ಮುಪ್ಪನ್ನೂ ನೋಯಿಸಿತು. 1864ನೆಯ ಜೂನ್ 29ರಂದು ಕ್ಯಾಂಟರ್ಬರಿಯ ಮಹಾದೇವಾಲಯದಲ್ಲಿ ಅವರು ಬಿಷಪರಾಗಿ ಅಭಿಷೇಕಿಸಲ್ಪಟ್ಟರು. ಆ ಸಭಾಮಂಡಲಿಯಲ್ಲಿ ಬಿಷಪ್ ಪದವಿಯನ್ನು ಹೊಂದಿದ ಆಫ್ರಿಕದ ಕರಿಯರಲ್ಲಿ ಅವರೇ ಮೊದಲನೆಯವರು. ಆದರೆ ಅಬೆಯೊಕುಟ, ಲೇಗೋಸ್, ಇಬಾದಾನ್ ಎಂಬ ಅವರ ಸ್ವಜನರ ಪಟ್ಟಣಗಳನ್ನು ಅವರ ಅಧಿಕಾರಕ್ಕೆ ಒಪ್ಪಿಸಲಿಲ್ಲ. ಕರಿಯ ಬಿಷಪರ ಕೈಕೆಳಗಿರಲು ಅಲ್ಲಿದ್ದ ಬಿಳಿಯ ಮಿಶನರಿಗಳಿಗೆ ಮನಸ್ಸಿರಲಿಲ್ಲ. ಅವರು ನೈಜರ್ ನದಿಯ ಸೀಮೆಯಲ್ಲಿ ದುಡಿದು, ಇಗ್ಬೋ ಮತ್ತು ನೂಪೆ ಭಾಷೆಗಳಲ್ಲಿಯೂ ಮೊದಲನೆಯ ಪಾಠಪುಸ್ತಕಗಳನ್ನು ಬರೆದರು. 1890ರಲ್ಲಿ ಇಂಗ್ಲೆಂಡಿನಿಂದ ಬಂದ ಕೆಲವು ಯೌವನಸ್ಥ ಮಿಶನರಿಗಳು ಅವರ ಕೈಕೆಳಗಿನ ಆಫ್ರಿಕದ ಸೇವಕರನ್ನು ಕೆಲಸದಿಂದ ನಿಲ್ಲಿಸಿ, ಮುದುಕರಾದ ಬಿಷಪರ ಮಾತನ್ನು ತಿರಸ್ಕರಿಸಿದರು. ಅವರು ಆ ಆಲೋಚನಾಸಭೆಯಿಂದ ಹೊರಬಂದರು. 1891ನೆಯ ದಶಂಬರ 31ರಂದು ಲೇಗೋಸಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಅವರ ಸ್ಥಾನಕ್ಕೆ ಬಿಳಿಯನಾದ ಬಿಷಪನೇ ಬಂದನು. 2014ರಲ್ಲಿ, ಅವರು ಅಭಿಷೇಕ ಹೊಂದಿದ ಅದೇ ಕ್ಯಾಂಟರ್ಬರಿಯ ದೇವಾಲಯದಲ್ಲಿ, ಆಗ ಆರ್ಚ್‌ಬಿಷಪರಾಗಿದ್ದ ಜಸ್ಟಿನ್ ವೆಲ್ಬಿಯವರು ಕ್ರೌಥರರಿಗೆ ಸಭೆಯಿಂದ ಅನ್ಯಾಯವಾಯಿತೆಂದು ಬಹಿರಂಗವಾಗಿ ಅರಿಕೆಮಾಡಿ ಪಶ್ಚಾತ್ತಾಪಪಟ್ಟರು. ನೂರ ಇಪ್ಪತ್ತು ವರುಷಗಳಿಗೂ ಮೇಲೆ ತಡವಾದರೂ ಸತ್ಯವು ಹೊರಬಂತು.

ಪ್ರಿಯರೇ, ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಬಂದಾಗ ಪ್ರತಿಯೊಬ್ಬನು ತನ್ನ ತನ್ನ ಹುಟ್ಟುಭಾಷೆಯಲ್ಲಿಯೇ ದೇವರ ಮಹತ್ತುಗಳನ್ನು ಕೇಳಿದನಲ್ಲದೆ, ಎಲ್ಲರ ಮೇಲೆಯೂ ಒಂದೇ ಭಾಷೆಯು ಹೇರಲ್ಪಡಲಿಲ್ಲ. ಯೊರ್ದನಿನ ಹಾಯಗಡದಲ್ಲಿ ನಾಲಿಗೆಯು ತೀರ್ಪಿಗೆ ಗುರಿಯಾಯಿತು. ಯೆರೂಸಲೇಮಿನ ಮಾಳಿಗೆಯಲ್ಲಿ ನಾಲಿಗೆಯು ಕೃಪೆಗೆ ಪಾತ್ರವಾಯಿತು. ನಾವು ಯಾವ ಕಡೆ ನಿಲ್ಲುವವರು? ಹೊರಗಿನ ಮಾತು ಬಂದರೆ ನಾಚದೆ ನಮ್ಮ ನುಡಿಗೆ ಒಗ್ಗಿಸಿಕೊಳ್ಳೋಣ; ಅದರ ತವರಿನ ರೂಪವನ್ನೂ ಅರ್ಥವನ್ನೂ ಬಲ್ಲವರಿಂದ ವಿನಯದಿಂದ ಕೇಳಿ ತಿಳಿದುಕೊಳ್ಳೋಣ. ನಮ್ಮ ಮನೆಗಳ ಹಿರಿಯರು ಆಡುವ ಹೊಲದ ಮಾತು, ಹಟ್ಟಿಯ ಮಾತು, ಗಾದೆಯ ಮಾತುಗಳನ್ನು ಓದುಬರಹ ಬಲ್ಲ ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಲಿ. ಕ್ರೌಥರರು ಹಾಗೆಯೇ ಆರಂಭಿಸಿದರು.

ಆ ಮುದುಕಿಯು ಮುಂದಿನ ಭಾನುವಾರದಲ್ಲಿ ಪುನಃ ಪ್ರಾರ್ಥನೆ ಮಾಡಿದಳು. ಅವಳು ತನ್ನ ಮೊಮ್ಮಕ್ಕಳ ಇಸ್ಕೂಲಿಗಾಗಿ ದೇವರನ್ನು ಬೇಡಿಕೊಂಡಳು. ಯಾರೂ ನಗಲಿಲ್ಲ. ಸಭೆಯೆಲ್ಲವೂ ಆಮೆನ್ ಅಂದಿತು.